ನೀರುಕಾಗೆ ಮುಟ್ಟಿದ ದಿನ

ಆ ದಿನ ಬೆಳಿಗ್ಗೆಯೂ ಅಮ್ಮ ಎಂದಿನ ಹಾಗೆ ಬಚ್ಚಲೊಲೆಗೆ ಬೆಂಕಿ ಹಾಕಿದಳು. ಹಂಡೆಯ ಮುಚ್ಚಳ ಸರಿಸಿ ಬೆರಳದ್ದಿ ನೋಡಿದಳು, ಹೊಸ್ತಿಲಿಗೆ ನೀರು ಹಾಕಿದಳು, ಬೋರಲು ಹಾಕಿದ್ದ ಹಾಲಿನ ಪಾತ್ರೆ ತೆಗೆದು ಕಟ್ಟೆಯ ಮೇಲಿಟ್ಟಳು. ಸೂತಕದ ಮನೆಯಾದ್ದರಿಂದ ರಂಗೋಲಿ ಇರಲಿಲ್ಲ. ಉಳಿದದ್ದೆಲ್ಲ ಇತ್ತು. ತಿರುವಿನಲ್ಲಿ ಸಾಗರದ ಬಸ್ಸು ಹಾರ್ನ್ ಹೊಡೆದಾಗ ನಾನು ಅಭ್ಯಾಸಕ್ಕೆ ಎದ್ದು ನಿಂತು, ಮೊಳೆಗೆ ನೇತುಹಾಕಿದ್ದ ನೀಲಿ ಯೂನಿಫಾರ್ಮಿಗೆ ಕೈ ಹಾಕಿದೆ. ಅಮ್ಮ ಅಡುಗೆಮನೆಯಿಂದಲೇ "ಕೂತ್ಕೋ ಪುಟ್ಟಿ, ಇವತ್ತಿಲ್ಲ" ಅಂದಳು. ಆಮೇಲೆ ಕಾಗೆಗಳಿಗೆ ಅನ್ನ ಹಾಕಲು ಹೋದಳು. ದಿನಾ ಹಾಕುವುದು ಒಂದು ಹಿಡಿ, ಅದೂ ನೀರಿನ ಕಡೆಯ ಬೇಲಿಯ ಹತ್ತಿರ. ಅವತ್ತು ಮಾತ್ರ ರಾತ್ರಿ ಉಳಿದಿದ್ದ ಅನ್ನವನ್ನಷ್ಟೂ ಪಾತ್ರೆ ಸಮೇತ ಎತ್ತಿಕೊಂಡು, ಮೊಸರು ಕಲೆಸಿ, ಮನೆಯ ಆಚೆ ಬದಿಗೆ, ರಸ್ತೆಯಂಚಿನ ಹಲಸಿನ ಮರದ ಬುಡಕ್ಕೆ ಹೋದಳು. ನೆಂಟರ ಮಕ್ಕಳು ಬಿಟ್ಟಿದ್ದ ದೋಸೆಯ ಚೂರುಗಳನ್ನೂ ಹಾಕಿದಳು. ಕಾಗೆಗಳು ಮುಗಿಬಿದ್ದವು. ಹಾಕಿ ಬಂದುಬಿಡುವವಳು ಅವತ್ತು ಅವು ತಿಂದು ಮುಗಿಸುವವರೆಗೆ ನಿಂತಿದ್ದಳು. ಒಂದು ಕಾಗೆ ಕೊಕ್ಕನ್ನು ಬೇರಿಗೆ ಎರಡೂ ಕಡೆ ಒರೆಸಿಕೊಂಡು ಕೊಂಬೆಗೆ ಹಾರಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ಅಮ್ಮನೂ ಅದನ್ನೇ ನೋಡುತ್ತಿದ್ದಳು.

ಹೊಸನಗರ ತಾಲ್ಲೂಕಿನ ಹಿನ್ನೀರ ದಡದ ಆ ಮನೆ ನಮ್ಮದಲ್ಲ. ಅಪ್ಪ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ. ಆ ಕೆಲಸದ ಜೊತೆಗೆ ಬಂದ ಮನೆ. ಮುಂದೆ ಒಂದು ಪಡಸಾಲೆ, ನಡುವೆ ಸದಾ ಡೆಟಾಲಿನ ವಾಸನೆ ಹೊಡೆಯುವ ಒಂದು ಕೋಣೆ, ಹಿಂದೆ ಅಡುಗೆಮನೆ. ಅಡುಗೆಮನೆಯ ಕಿಟಕಿ ತೆಗೆದರೆ ನೀರು. ಮಳೆಗಾಲದಲ್ಲಿ ಆ ನೀರು ನಮ್ಮ ಬೇಲಿಯವರೆಗೆ ಬಂದು ನಿಲ್ಲುತ್ತಿತ್ತು. ದೀಪಾವಳಿ ಕಳೆದ ಮೇಲೆ ದಿನಕ್ಕಿಷ್ಟು ದಿನಕ್ಕಿಷ್ಟು ಹಿಂದೆ ಸರಿದು, ಕೆಂಪು ಮರಳಿನ ಅಗಲವಾದ ದಡವನ್ನೂ, ಯಾವತ್ತೋ ಮುಳುಗಿ ಕರ್ರಗಾದ ಮರದ ಮೋಟುಗಳನ್ನೂ ಬಿಟ್ಟುಹೋಗುತ್ತಿತ್ತು. ಹಕ್ಕಿಗಳು ಬರುತ್ತಿದ್ದದ್ದು ಆ ದಡಕ್ಕೆ. ಮೊದಲು ಬರುವುದು ಬಾಲ ಕುಣಿಸುವ ಸಿಪಿಲೆ. ಊರಲ್ಲಿ ಅದಕ್ಕೆ ಕುಂಡೆಕುಸ್ಕ ಅನ್ನುತ್ತಾರೆ. ಕಾನ್ವೆಂಟಿನಲ್ಲಿ ಸಿಸ್ಟರ್ ಒಮ್ಮೆ, ನಿಮ್ಮೂರಿನ ಒಂದು ಹಕ್ಕಿಯ ಹೆಸರು ಹೇಳು ಅಂದಾಗ ನಾನು ಗಟ್ಟಿಯಾಗಿ ಅದನ್ನೇ ಹೇಳಿದ್ದಕ್ಕೆ ಇಡೀ ಕ್ಲಾಸು ಬೆಂಚು ಬಡಿದು ನಕ್ಕಿತ್ತು. ಮನೆಗೆ ಬಂದು ಅತ್ತಾಗ ಅಪ್ಪ ನಗುತ್ತಾ ನಗುತ್ತಾ ನನಗಿಂತ ಹೆಚ್ಚು ಕಣ್ಣೀರು ಹಾಕಿದ್ದ. ಸಿಪಿಲೆಯ ಹಿಂದೆ ನೀರಂಚಿನಲ್ಲಿ ಓಡಿ ನಿಂತು ಓಡಿ ನಿಂತು ಮಾಡುವ ಗೊರವಗಳು, ನಡುನೀರಿನಲ್ಲಿ ಎಳ್ಳು ಚೆಲ್ಲಿದ ಹಾಗೆ ಬಾತುಗಳು. ಭಾನುವಾರ ಬೆಳಿಗ್ಗೆ ಅಪ್ಪ ಕೊಡೆ ನೇತುಹಾಕುವ ಮೊಳೆಯಿಂದ ದುರ್ಬೀನು ತೆಗೆದು ಕುತ್ತಿಗೆಗೆ ಹಾಕಿಕೊಂಡರೆ ನಾನು ಹಿಂದೆ. ಒಂದು ಮೋಟಿನ ಮರೆಯಲ್ಲಿ ಕೂರುತ್ತಿದ್ದೆವು. ಬೆರಳು ಮಾಡಿ ತೋರಿಸಬಾರದು, ಹುಬ್ಬಿನಲ್ಲೇ ತೋರಿಸಬೇಕು ಅನ್ನುವುದು ಅವನ ಕಟ್ಟಳೆ.

ಊರಿನವರು ಅಪ್ಪನನ್ನು ಡಾಕ್ಟ್ರೇ ಎಂದೇ ಕರೆಯುತ್ತಿದ್ದರು. ಅವನಿಗೆ ಅದು ಮುಜುಗರ. ದಡದಲ್ಲಿ ಕಲ್ಲಿನ ಮೇಲೆ ರೆಕ್ಕೆ ಅಗಲಿಸಿ ನಿಂತ ಕಪ್ಪು ಹಕ್ಕಿಯ ಕಡೆಗೆ ಹುಬ್ಬು ಹಾರಿಸಿ ಹೇಳುತ್ತಿದ್ದ:

"ನೋಡು ಪುಟ್ಟಿ. ನಾನು ಡಾಕ್ಟ್ರು ಅಂದ್ರೆ ಅದು ಕಾಗೆ ಅಂದಂಗೆ. ಹೆಸರು ನೀರುಕಾಗೆ, ಕಾಗೆಗೂ ಅದಕ್ಕೂ ಸಂಬಂಧ ಎಂತದೂ ಇಲ್ಲ. ಮೀನು ಬಿಟ್ಟು ಬೇರೆ ಮುಟ್ಟಲ್ಲ ಅದು."

ಆ ಚಳಿಗಾಲ ಹಿಂದಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಿದ್ದವು. ಮಂಗನ ಕಾಯಿಲೆ. ನಮ್ಮ ಕಡೆ ಆ ಹೆಸರು ಕೇಳಿದರೆ ಸೊಪ್ಪಿಗೆ ಹೋಗುವ ಹೆಂಗಸರು ಕತ್ತಿ ಮೂಲೆಗಿಡುತ್ತಾರೆ. ಆ ಕಾಯಿಲೆ ಹರಡುವ ಉಣುಗು ಕಚ್ಚಬಾರದೆಂದು ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆಯನ್ನು ಅಪ್ಪನೇ ಮನೆಮನೆಗೆ ಹೋಗಿ ಕೊಟ್ಟುಬಂದ. ಆಮೇಲೆ ಅವನಿಗೇ ಜ್ವರ ಬಂತು. ಬಂತು, ಬಿಟ್ಟಿತು, ಎದ್ದು ಕೂತು ಗಂಜಿ ಕುಡಿದ. ಎಲ್ಲರೂ ಬದುಕಿದೆವು ಅಂದುಕೊಂಡೆವು. ಆ ಬಿಟ್ಟ ದಿನಗಳಲ್ಲೇ ಒಂದು ಮಧ್ಯಾಹ್ನ, ಗೋಡೆಗೆ ದಿಂಬು ಒರಗಿಸಿಕೊಂಡು ಕೂತು, ನಾನು ಕಾಲ ಬುಡದಲ್ಲಿ ಇರುವಾಗಲೇ ಅಮ್ಮನಿಗೆ ಹೇಳಿದ: "ನನಗೇನಾದ್ರೂ ಆದ್ರೆ ಪುಟ್ಟೀನ ಆ ಶಾಲೆ ಬಿಡಿಸ್ಬೇಡ. ಅಲ್ಲೇ ಮುಗಿಸ್ಲಿ." ಅಮ್ಮ ಗಂಜಿಯ ಲೋಟ ತೊಳೆಯಲು ಎದ್ದುಹೋದಳು. ಜ್ವರ ಮರಳಿ ಬಂದಾಗ ಶಿವಮೊಗ್ಗಕ್ಕೆ ಜೀಪಿನಲ್ಲಿ ಮಲಗಿಸಿಕೊಂಡು ಹೋದರು. ಅಲ್ಲಿಂದ ಅವನು ಮಾತಾಡುತ್ತಾ ಬರಲಿಲ್ಲ.

ಉಣುಗು ಕಚ್ಚಿದ್ದು ಎಲ್ಲಿ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ, ಚಿಕ್ಕಪ್ಪನೊಬ್ಬನಿಗೆ ಬಿಟ್ಟು. ಅಪ್ಪನ ಒಬ್ಬನೇ ತಮ್ಮ. ತೀರ್ಥಹಳ್ಳಿಯಲ್ಲಿ ಸ್ಟೇಷನರಿ ಅಂಗಡಿ ಇಟ್ಟಿದ್ದ. ಅಪ್ಪನಿಗೆ ಗಂಡುಮಕ್ಕಳಿಲ್ಲದ್ದರಿಂದ ಕರ್ಮಕ್ಕೆ ಕೂತವನು ಅವನೇ. ಬಂದವರಿಗೆಲ್ಲ ಹೇಳುತ್ತಿದ್ದ: "ಹಕ್ಕಿ ನೋಡ್ಲಿಕ್ಕೆ ಕಾಡು ನುಗ್ಗಿ ಕಚ್ಚಿಸ್ಕೊಂಡ. ಮಗಳಿಗೂ ಅದನ್ನೇ ಕಲಿಸಿಟ್ಟಿದ್ದಾನೆ." ಹೇಳುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದ. ಅವನು ಕೆಟ್ಟವನಲ್ಲ. ಮನೆ ಖಾಲಿ ಮಾಡಬೇಕಾದ ನಮ್ಮಿಬ್ಬರನ್ನೂ ತನ್ನ ಮನೆಗೆ ಕರೆದುಕೊಂಡು ಹೋಗುತ್ತೇನೆ ಅಂತ ಯಾರೂ ಕೇಳುವ ಮೊದಲೇ ಹೇಳಿದವನು. ಆದರೆ ತೀರ್ಥಹಳ್ಳಿಯಿಂದ ಸಾಗರದ ಕಾನ್ವೆಂಟಿಗೆ ದಿನಾ ಹೋಗಿಬರಲಾಗುವುದಿಲ್ಲ, ಹಾಸ್ಟೆಲಿನಲ್ಲೇ ಇರಬೇಕು. ಆ ವಿಷಯವನ್ನು ಅಮ್ಮ ಹಿಂದಿನ ದಿನ ಅಡುಗೆಮನೆಯಲ್ಲಿ ತೆಗೆದಳು. ನಾನು ಬಟಾಣಿ ಸುಲಿಯುತ್ತಾ ಅಲ್ಲೇ ಇದ್ದೆ.

"ರಾಘು, ನಿಮ್ಮಣ್ಣ ಹೇಳಿ ಹೋಗಿದ್ದಾರೆ."

"ಜ್ವರದಲ್ಲಿ ಹೇಳಿದ್ದು ಅತ್ಗೆ."

"ಆಗ ಜ್ವರ ಇರ್ಲಿಲ್ಲ."

"ಹೆಣ್ಣುಹುಡುಗೀನ ಹಾಸ್ಟೆಲ್‌ನಲ್ಲಿ ಬಿಟ್ಟು ನಾವು ಮನೇಲಿ ಊಟ ಮಾಡೋದಾ? ನಮ್ಮ ಮಕ್ಕಳು ಹೋಗೋ ಶಾಲೆಗೆ ಎಂತ ಆಗಿದೆ? ಅಲ್ಲಿ ಸಿಸ್ಟರ್‌ಗಳು ಕಲಿಸಿದ್ದು ಎಂತ, ಹಕ್ಕಿ ಲೆಕ್ಕ!"

"ಒಂದು ಮಾತು ಕೊಡು ಅಂತ ಕೇಳಿದ್ದು, ಅಷ್ಟೇ."

"ನೋಡೋಣ ಅತ್ಗೆ."

ನಮ್ಮ ಮನೆಗಳಲ್ಲಿ ನೋಡೋಣ ಅಂದರೆ ಇಲ್ಲ ಅಂತ. ಚಿಕ್ಕಪ್ಪ ಒಮ್ಮೆ ಬಾಯಿಬಿಟ್ಟು ಮಾತು ಕೊಟ್ಟರೆ ತಪ್ಪುವವನಲ್ಲ, ಅದು ಎಲ್ಲರಿಗೂ ಗೊತ್ತು. ಅದಕ್ಕೇ ಅವನು ಬಾಯಿ ಬಿಡುತ್ತಿರಲಿಲ್ಲ. ಅಮ್ಮ ಮತ್ತೆ ಕೇಳಲಿಲ್ಲ. ಒಲೆಯ ಮುಂದೆ ಕೂತು, ಬಳೆಯಿಲ್ಲದ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಬಹಳ ಹೊತ್ತು ಬೆಂಕಿ ನೋಡಿದಳು.

ಮರುದಿನ, ಅಮ್ಮ ಹಲಸಿನ ಬುಡಕ್ಕೆ ಅನ್ನ ಹಾಕಿದ ದಿನ, ಧರ್ಮೋದಕ. ನೆಂಟರೆಲ್ಲ ಸತ್ತವರಿಗೆ ಎಳ್ಳುನೀರು ಬಿಡುವ ದಿನ. ಕಾಗೆಗೆ ಪಿಂಡ ಇಡುವುದೂ ಅವತ್ತೇ. ಅನ್ನದ ಉಂಡೆಯನ್ನು ಬಾಳೆಲೆಯ ಮೇಲಿಟ್ಟು ಎಲ್ಲರೂ ದೂರ ಸರಿಯಬೇಕು. ಕಾಗೆ ಬಂದು ಮುಟ್ಟಿದರೆ ಸತ್ತವರು ತೃಪ್ತಿಯಿಂದ ಹೋದರು ಅಂತ. ಮುಟ್ಟದಿದ್ದರೆ ಮನಸ್ಸಿನಲ್ಲಿ ಏನೋ ಆಸೆ ಉಳಿದಿದೆ. ಅದೇನೆಂದು ಊಹಿಸಿ, ನೆರವೇರಿಸುತ್ತೇವೆ ಅಂತ ಬದುಕಿದ್ದವರು ಗಟ್ಟಿಯಾಗಿ ಮಾತು ಕೊಡಬೇಕು. ಸರಿಯಾದ ಮಾತು ಬಂದ ಕೂಡಲೇ ಕಾಗೆ ಬರುತ್ತದೆ ಅನ್ನುತ್ತಾರೆ. ನಮ್ಮಲ್ಲಿ ಹೆಂಗಸರು ಆ ಜಾಗಕ್ಕೆ ಹೋಗುವುದಿಲ್ಲ. ಆದರೆ ನಮ್ಮ ಹಿತ್ತಲೇ ದಡವಾದ್ದರಿಂದ ಅಮ್ಮ, ಚಿಕ್ಕಮ್ಮ, ನಾನು ಬೇಲಿಯ ಈಚೆ ನಿಂತೆವು. ಭಟ್ಟರು ನೀರಂಚಿನ ಒಂದು ಚಪ್ಪಟೆ ಕಲ್ಲಿನ ಮೇಲೆ ಎಲೆ ಇಡಿಸಿ, ಚಿಕ್ಕಪ್ಪನನ್ನೂ ನೆಂಟರನ್ನೂ ನಮ್ಮ ಬೇಲಿಯ ಹತ್ತಿರಕ್ಕೇ ಕರೆದುಕೊಂಡು ಬಂದರು. ಅಲ್ಲಿಂದ ಎಲ್ಲರೂ ನೀರಿನ ಕಡೆಗೆ ಕಣ್ಣು ನೆಟ್ಟು ನಿಂತರು. ಭಾನುವಾರ ನಾನೂ ಅಪ್ಪನೂ ಮಾಡುತ್ತಿದ್ದದ್ದನ್ನೇ ಅವತ್ತು ನೆಂಟರಿಷ್ಟರೆಲ್ಲರೂ ಮಾಡುತ್ತಿದ್ದರು: ಉಸಿರು ಬಿಗಿಹಿಡಿದು ಹಕ್ಕಿ ಕಾಯುವುದು.

ಹಕ್ಕಿಗಳಿಗೇನು ಬರವಿರಲಿಲ್ಲ. ಗೊರವಗಳು ಎಲೆಯ ಪಕ್ಕದಲ್ಲೇ ಓಡಾಡಿದವು. ಎರಡು ಬೆಳ್ಳಕ್ಕಿಗಳು ಬಂದು, ಒಂದನ್ನೊಂದು ನೋಡದೆ, ಜಗಳವಾಡಿದ ದಾಯಾದಿಗಳ ಹಾಗೆ ನಿಂತವು. ಒಂದು ಸಿಪಿಲೆ ಕಲ್ಲಿನ ತುದಿಗೇ ಹಾರಿ ಬಾಲ ಕುಣಿಸಿದಾಗ ಯಾರೋ "ಹಚಾ!" ಅಂದರು. ಕಾಗೆ ಮಾತ್ರ ಇಲ್ಲ. ಭಟ್ಟರು ಕೈಯನ್ನು ಹಣೆಗೆ ಅಡ್ಡಹಿಡಿದು "ಕಾ, ಕಾ" ಅಂತ ಕರೆದರು. ಅಪ್ಪನ ಸೋದರಮಾವ ಗೋಪಾಲಜ್ಜ, ಸಾವಿನ ಮನೆಯಲ್ಲೂ ಬಾಯಿ ಕಟ್ಟದವನು, ಕೋಲೂರಿ ನಿಂತಲ್ಲಿಂದ ಅಂದ:

"ಅವನಿಗೆ ಊರ ಕಾಗೆ ಎಲ್ಲಿ ಸಾಕಾಗ್ತದೆ ಮಾರಾಯ? ಫಾರಿನ್ನಿಂದ ಬರ್ಬೇಕು. ಕಾಯ್ತಾ ಇರಿ."

ಕೊನೆಗೂ ಒಂದು ಕಾಗೆ ಬಂತು. ಮೋಟಿನ ಮೇಲೆ ಕೂತು, ಎಲೆಯನ್ನು ಒಂದು ಕಣ್ಣಿಂದ ನೋಡಿ, ತಲೆ ತಿರುಗಿಸಿ ಇನ್ನೊಂದು ಕಣ್ಣಿಂದ ನೋಡಿ, ಕೊಕ್ಕನ್ನು ಮರಕ್ಕೆ ಒರೆಸಿ, ಬಂದ ದಾರಿಯಲ್ಲೇ ಹಾರಿಹೋಯಿತು. ಸೇರಿದವರ ಗಂಟಲಿನಿಂದ ಒಂದೇ ಸದ್ದು ಹೊರಟಿತು. ನನಗೆ ಹಲಸಿನ ಬುಡದ ಮೊಸರನ್ನ ಕಣ್ಣಿಗೆ ಕಟ್ಟಿತು. ತಿರುಗಿ ಅಮ್ಮನ ಮುಖ ನೋಡಿದೆ. ಅವಳು ಬೇಲಿಯ ಗೂಟ ಹಿಡಿದುಕೊಂಡಿದ್ದಳು. ಅಪ್ಪ ಸತ್ತ ಮೇಲೆ ಅವಳ ಕೆನ್ನೆಗೆ ಬಣ್ಣ ಬಂದದ್ದನ್ನು ನಾನು ಆಗಲೇ ನೋಡಿದ್ದು.

"ನೋಡಿ ಹೋಯ್ತು. ಎಂತದೋ ಉಳ್ಕೊಂಡಿದೆ ರಾಘಣ್ಣ," ಭಟ್ಟರು ಹೇಳಿದರು. "ಹೇಳಿ. ಬಾಯಿಬಿಟ್ಟು ಹೇಳಿ."

ಚಿಕ್ಕಪ್ಪ ಒದ್ದೆ ಪಂಚೆಯಲ್ಲಿ ಎರಡು ಹೆಜ್ಜೆ ಮುಂದೆ ಹೋಗಿ ಕೈಮುಗಿದ. ಗೋಕರ್ಣಕ್ಕೆ ಹೋಗಿ ಶ್ರಾದ್ಧ ಮಾಡುತ್ತೇನೆ ಅಂದ. ಕಾಗೆ ಬರಲಿಲ್ಲ. ಅತ್ತಿಗೆ ಕಣ್ಣೀರು ಹಾಕದ ಹಾಗೆ ನೋಡಿಕೊಳ್ಳುತ್ತೇನೆ ಅಂದ. ಬರಲಿಲ್ಲ. ಪುಟ್ಟಿಗೆ ಒಳ್ಳೆ ಮನೆ ನೋಡಿ ಮದುವೆ ಮಾಡುತ್ತೇನೆ ಅಂದ. ದಡದ ಮೇಲಿನ ಗೊರವಗಳು ಕೂಡ ಎದ್ದು ಹೋದವು. ಬಿಸಿಲು ಏರಿತ್ತು, ಎಲ್ಲರೂ ಉಪವಾಸ. ಆಗ ಅಮ್ಮ ಬೇಲಿಯ ಈಚೆಯಿಂದಲೇ ಮಾತಾಡಿದಳು. ಸೂತಕ ಹಿಡಿದ ಮೇಲೆ ನೆರೆದ ಗಂಡಸರೆಲ್ಲರ ಎದುರಿಗೆ ಅವಳು ಆಡಿದ ಮೊದಲ ಮಾತು.

"ಶಾಲೆ ವಿಷಯ ಹೇಳು ರಾಘು."

ಚಿಕ್ಕಪ್ಪನ ಬೆನ್ನು ಅಲ್ಲಾಡಲಿಲ್ಲ.

"ಯಾವ ಶಾಲೆ?" ಭಟ್ಟರು ಕೇಳಿದರು.

"ಅವನಿಗೆ ಗೊತ್ತಿದೆ," ಅಂದಳು ಅಮ್ಮ.

ಚಿಕ್ಕಮ್ಮನಿಗೆ ತಡೆಯಲಾಗಲಿಲ್ಲ. "ಎಂತದಾದ್ರೂ ಹೇಳಿಬಿಡಿ ಮಾರಾಯ್ರೇ, ಮುದುಕರು ಬಿಸಿಲಲ್ಲಿ ಬೀಳ್ತಾರೆ!" ಅಂದಳು. ಗೋಪಾಲಜ್ಜ ಕೋಲಿನಿಂದ ಮರಳು ಕುಟ್ಟಿದ. ಚಿಕ್ಕಪ್ಪ ಕೆಳಗಿಳಿಸಿದ್ದ ಕೈಯನ್ನು ಮತ್ತೆ ಮುಗಿದ. ಅವನ ಭುಜದ ಮೂಳೆ ಮೇಲೆ ಹೋಗಿ ಕೆಳಗೆ ಬಂತು. ಉಸಿರು ಎಳೆದುಕೊಂಡ ಸದ್ದು ನಮಗೂ ಕೇಳಿಸಿತು. "ಅಣ್ಣಾ," ಅಂದ. "ನಿನ್ನ ಮಗಳನ್ನ..."

ಆಗಲೇ ಕಲ್ಲಿನ ಬುಡದಲ್ಲಿ ನೀರು ಒಡೆದು ಉದ್ದ ಕುತ್ತಿಗೆಯೊಂದು ಮೇಲೆ ಬಂತು. ಸುತ್ತ ನೋಡಿತು. ಒಂದು ಜಿಗಿತಕ್ಕೆ ಕಲ್ಲು ಹತ್ತಿ, ಪೊರೆಗಾಲನ್ನು ಪಟ್ ಪಟ್ ಅಂತ ಇಡುತ್ತಾ ಬಂದು, ನೀರು ಸುರಿಯುವ ರೆಕ್ಕೆಗಳನ್ನು ಎರಡೂ ಕಡೆಗೆ ಬಿಚ್ಚಿ ಬಿಸಿಲಿಗೆ ಹಿಡಿದು ನಿಂತಿತು. ಒಂದು ಕಾಲು ಎಲೆಯ ಮೇಲಿತ್ತು. ಬಾಲ ಉಂಡೆಗೆ ತಾಗಿ, ಉಂಡೆ ಎಲೆಯಿಂದ ಉರುಳಿ ಕಲ್ಲಿನ ಸಂದಿಗೆ ಬಿತ್ತು. ಹಕ್ಕಿ ಅದರ ಕಡೆ ತಿರುಗಿಯೂ ನೋಡಲಿಲ್ಲ. ಹಿಂದೆ ನಿಂತಿದ್ದ ಯಾರೋ ಕೂಗಿದರು:

"ಮುಟ್ತು! ಮುಟ್ತು! ನೀರುಕಾಗೆ!"

ಚಿಕ್ಕಪ್ಪ ಬಾಯಿ ಮುಚ್ಚಿಕೊಂಡು ಭಟ್ಟರ ಕಡೆ ನೋಡಿದ. ಭಟ್ಟರು ಹಕ್ಕಿಯನ್ನು ನೋಡಿದರು, ತಲೆಯ ಮೇಲಿನ ಸೂರ್ಯನನ್ನು ನೋಡಿದರು, ಗೋಪಾಲಜ್ಜನ ನಡುಗುವ ಕಾಲನ್ನು ನೋಡಿದರು.

"ನೀರುಕಾಗೆ," ನಿಧಾನವಾಗಿ ಅಂದರು. "ಹೆಸರಲ್ಲೇ ಕಾಗೆ ಇದೆಯಲ್ಲ. ನೀರಿನ ಊರು, ನೀರಿನ ಕಾಗೆ. ಆಯ್ತು, ನಮಸ್ಕಾರ ಮಾಡಿ."

ಎಲ್ಲರೂ ಕೈಮುಗಿದರು. ಚಿಕ್ಕಪ್ಪ ಮರಳಿನ ಮೇಲೆ ಉದ್ದಕ್ಕೆ ಬಿದ್ದು ನಮಸ್ಕಾರ ಮಾಡಿ, ಎದ್ದವನು ಬಿಕ್ಕಿ ಬಿಕ್ಕಿ ಅತ್ತ. ಅದು ನಿಜವಾದ ಅಳು. ಅಣ್ಣನಿಗಾಗಿ ಅತ್ತದ್ದು. ಶುರು ಮಾಡಿದ್ದ ಮಾತನ್ನು ಮುಗಿಸು ಅಂತ ಆ ಅಳುವಿನ ಮುಂದೆ ಯಾರು ಹೇಳುತ್ತಾರೆ? ಅಮ್ಮ ಗೂಟ ಬಿಟ್ಟಳು. ಅಂಗೈಯನ್ನು ಸೆರಗಿಗೆ ಒರೆಸಿಕೊಂಡು, ಎಲೆ ತೊಳೆಯಬೇಕು ಅಂತ ಒಳಗೆ ಹೋದಳು.

ಊಟದ ಹೊತ್ತಿಗೆ ನಾನು ಸುಮ್ಮನಿರಲಿಲ್ಲ. ಪಡಸಾಲೆಯಲ್ಲಿ ಗಂಡಸರ ಸಾಲು ಕೂತಿತ್ತು. ನಾನು ನೀರು ಬಡಿಸುತ್ತಿದ್ದೆ. ಚಿಕ್ಕಪ್ಪನ ಲೋಟದ ಮುಂದೆ ನಿಂತು ಹೇಳಿದೆ:

"ಚಿಕ್ಕಪ್ಪ, ಅದು ಕಾಗೆ ಅಲ್ಲ."

"ಯಾವುದು?"

"ಪಿಂಡ ಮುಟ್ಟಿದ್ದು. ಅದು ಕಾಗೆ ಜಾತಿನೇ ಅಲ್ಲ, ಅಪ್ಪ ಹೇಳಿದ್ದಾರೆ. ಅದು ಅನ್ನ ತಿನ್ನಲ್ಲ. ರೆಕ್ಕೆ ಒಣಗಿಸ್ಲಿಕ್ಕೆ ಬಂದಿದ್ದು."

ಸಾಲಿನಲ್ಲಿ ಕೈಗಳು ನಿಂತವು. ಚಿಕ್ಕಪ್ಪ ಸಿಟ್ಟು ಮಾಡಲಿಲ್ಲ. ಅತ್ತು ಕೆಂಪಾದ ಕಣ್ಣಲ್ಲಿ ನನ್ನನ್ನು ಕರುಣೆಯಿಂದಲೇ ನೋಡಿದ.

"ಕಾಗೆ ಅಲ್ವಾ? ಹಾಗಾದ್ರೆ ಎಂತ ಅದರ ಹೆಸರು?"

"ಕಾರ್ಮೊರೆಂಟ್."

"ಇಂಗ್ಲಿಷ್ ಹಕ್ಕಿಗೆ ನಾವು ಪಿಂಡ ಇಟ್ಟಿಲ್ಲ ಪುಟ್ಟಿ." ಯಾರೋ ನಕ್ಕರು. "ಕನ್ನಡದಲ್ಲಿ ಹೇಳು."

ನಾನು ತಂಬಿಗೆ ಹಿಡಿದು ನಿಂತೆ. ಬೇರೆ ಹೆಸರಿದೆಯಾ ಅಂತ ಹುಡುಕಿದೆ. ಅಪ್ಪ ಇನ್ನೊಂದು ಹೆಸರು ಹೇಳಿರಲಿಲ್ಲ.

"ನೀರುಕಾಗೆ," ಅಂದೆ.

"ಹ್ಞಾಂ. ನಿನ್ನ ಬಾಯಲ್ಲೇ ಬಂತಲ್ಲ," ಅಂದ ಚಿಕ್ಕಪ್ಪ. "ಮಜ್ಜಿಗೆ ತರ್ಲಿಕ್ಕೆ ಹೇಳು."

ಆ ಮಾರ್ಚಿನಲ್ಲಿ ಪರೀಕ್ಷೆ ಬರೆದದ್ದೇ ಕಾನ್ವೆಂಟಿನ ಕೊನೆ. ಆಮೇಲೆ ತೀರ್ಥಹಳ್ಳಿ, ಹತ್ತನೇ ತರಗತಿ, ಚಿಕ್ಕಪ್ಪ ದಡದಲ್ಲಿ ಕೊಟ್ಟ ಮಾತಿನಂತೆ ಒಳ್ಳೆ ಮನೆಗೆ ಮದುವೆ. ಅವನು ಹೇಳಿದ್ದರಲ್ಲಿ ಒಂದಕ್ಕೂ ತಪ್ಪಲಿಲ್ಲ. ಗೋಕರ್ಣಕ್ಕೂ ಹೋಗಿಬಂದ. ಅಮ್ಮ ಅವನ ಮನೆಯ ಅಡುಗೆಮನೆಯಲ್ಲಿ ಯಾರಿಂದಲೂ ಒಂದು ಗಟ್ಟಿ ಮಾತು ಕೇಳದೆ ಮುದುಕಿಯಾದಳು. ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ. ಬೆಳಗಿನ ಮೊಸರನ್ನದ ಬಗ್ಗೆ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಆದರೆ ಮತ್ತೆಂದೂ ಅವಳು ಕಾಗೆಗೆ ಅನ್ನ ಹಾಕಿದ್ದನ್ನು ನಾನು ನೋಡಲಿಲ್ಲ, ಚಿಕ್ಕಮ್ಮ ಹಾಕುತ್ತಿದ್ದಳು. ನನಗೂ ಒಂದು ಅಭ್ಯಾಸ ಉಳಿಯಿತು. ಈಗಲೂ ಚಳಿಗಾಲದಲ್ಲಿ ಹಿನ್ನೀರಿನ ದಾರಿಯಲ್ಲಿ ಕಾರಿನಲ್ಲಿ ಹೋಗುವಾಗ ನಮ್ಮವರು ವೇಗ ಕಡಿಮೆ ಮಾಡಿ "ಅದ್ಯಾವ ಹಕ್ಕಿ ಕಣೇ?" ಅಂತ ಕೇಳುತ್ತಾರೆ. ನನಗೆ ಗೊತ್ತಿರುತ್ತದೆ. ಕೊಕ್ಕಿನ ಬಣ್ಣ, ಕಾಲಿನ ಬಣ್ಣ, ಎಲ್ಲಿಂದ ಬಂದದ್ದು, ಯಾವಾಗ ಹೋಗುತ್ತದೆ, ಎಲ್ಲ. "ಯಾವುದೋ," ಅನ್ನುತ್ತೇನೆ.

ಅವತ್ತು ಸಂಜೆ ನೆಂಟರು ಕೊನೆಯ ಬಸ್ಸಿಗೆ ಹೊರಟ ಮೇಲೆ ಮನೆ ಒಮ್ಮೆಲೇ ಖಾಲಿಯಾಯಿತು. ಚಿಕ್ಕಪ್ಪ ಒಳಗೆ ದಣಿದು ಮಲಗಿದ್ದ. ಅಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು ದೊಡ್ಡ ಪಾತ್ರೆಯ ತಳ ಉಜ್ಜುತ್ತಿದ್ದಳು. ನಾನು ಬೂದಿ ಹಾಕಿ ಕೊಡುತ್ತಿದ್ದೆ. ದಡ ಬರಿದಾಗಿತ್ತು. ಬಾತುಗಳು ಸಾಲು ಕಟ್ಟಿಕೊಂಡು ಆಚೆ ದಡದ ಕಡೆ ಹಾರಿದವು, ಇಬ್ಬರೂ ತಲೆ ಎತ್ತಲಿಲ್ಲ. ಪಕ್ಕದ ಮನೆಯ ಸರೋಜಕ್ಕ, ಬೆಳಿಗ್ಗೆಯಿಂದ ಹೊಸನಗರದ ಸಂತೆಯಲ್ಲಿದ್ದವಳು, ಆಗಷ್ಟೇ ಬಸ್ಸಿಳಿದು, ಸಂತೆಯ ಚೀಲವನ್ನು ಬೇಲಿಯ ಮೇಲಿಟ್ಟು ನಿಂತಳು.

"ಎಲ್ಲಾ ಸುಸೂತ್ರ ಆಯ್ತಾ ಕಮಲಮ್ಮ? ಮುಟ್ತಾ?"

"ಮುಟ್ತು," ಅಂದಳು ಅಮ್ಮ.

"ಮಧ್ಯಾಹ್ನದೊಳಗೆ?"

"ಹ್ಞೂಂ."

"ನಮ್ಮ ಮಾವನಿಗೆ ಹೊತ್ತು ಮುಳುಗೋ ತನಕ ಬರ್ಲೇ ಇಲ್ಲ ಮಾರಾಯ್ರೇ, ಕರೆದೂ ಕರೆದೂ ಗಂಟ್ಲು ಹೋಯ್ತು." ಸರೋಜಕ್ಕ ಚೀಲದೊಳಗೆ ಕೈ ಹಾಕಿ ಬದನೆಕಾಯಿ ಜಜ್ಜಿ ಹೋಗಿದೆಯಾ ಅಂತ ಮುಟ್ಟಿ ನೋಡಿಕೊಂಡಳು. "ನಿಮ್ಮವ್ರು ಪುಣ್ಯವಂತ್ರು ಬಿಡಿ. ಎಂತದೂ ಆಸೆ ಇಟ್ಕೊಂಡಿರ್ಲಿಲ್ಲ."